ಗ್ಯಾಸ್ ನಿಲ್ಲದ ಕಾರು

ರಾಯಚೂರಿನ ಬಿರುಬೇಸಿಗೆ. ಊರಾಚೆಯ ಶಾಲೆಯಲ್ಲಿ ಶಿಕ್ಷಕಿಯಾಗಿದ್ದ ವಿಶಾಲಾಕ್ಷಿ ತನ್ನ ಹಳೆಯ ಕಾರಿನಲ್ಲೇ ಹೋಗಿ ಬರುತ್ತಿದ್ದಳು. ಈಚೆಗೆ ಅದೇ ಶಾಲೆಯ ಮಹಾಂತೇಶ ಮಾಸ್ತರು ಅವಳ ಪಕ್ಕದ ಸೀಟಿನಲ್ಲಿ ಕೂತು ಹೋಗತೊಡಗಿದ್ದರು.

"ನಿಮ್ಮ ಕಾರಿನಾಗ ಏನ್ ತಂಪ್ರೀ ಮೇಡಂ!" ಎಂದು ಒಂದು ಸಂಜೆ ಮನೆ ಮುಂದೆ ಕಾರಿನಿಂದ ಇಳಿಯುತ್ತ ಅವರು ನಕ್ಕಿದ್ದನ್ನು ಅವಳ ಗಂಡ ಪಂಪಾಪತಿಗೆ ಸಹಿಸಲಾಗಲಿಲ್ಲ. ಮರುದಿನ ಅವಳು ಸ್ನಾನಕ್ಕೆ ಹೋದಾಗ ಬಾನೆಟ್ ಎತ್ತಿ, ಎಸಿ ಪೈಪಿನ ವಾಲ್ವ್ ಒತ್ತಿ ಹಿಡಿದು, ಗ್ಯಾಸನ್ನೆಲ್ಲ ಹೊರಬಿಟ್ಟ. ಅವಳು ಗ್ಯಾರೇಜಿಗೆ ಹೋಗಿ ತುಂಬಿಸಿಕೊಂಡು ಬಂದಳು. ಇವನು ಮತ್ತೆ ಬಿಟ್ಟ.

"ಎಲ್ಲೂ ಲೀಕ್ ಇಲ್ಲಂತ್ರೀ. ಆದ್ರೂ ಗ್ಯಾಸ್ ನಿಲ್ಲವಲ್ದು. ಮೆಕ್ಯಾನಿಕ್‌ಗೂ ತಿಳೀವಲ್ದು," ಅಂದಳು.

"ಹಳೇ ಗಾಡಿ, ಇನ್ನೇನಾಗ್ತೈತಿ? ಪಾಪ, ನಿಮ್ಮ ಮಾಸ್ತರು ಈ ಸೆಕೆಯಾಗ ಹೆಂಗ ಕುಂದರ್ತಾರ?"

"ಅವ್ರಿಗೆ ಭಾಳ ತ್ರಾಸಾತು. ನಾಳಿಂದ ಕಾರಿನಾಗ ಬರಂಗಿಲ್ಲ ಅಂದ್ರು."

ಪಂಪಾಪತಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅಂದು ಸಂಜೆ ತಾನೇ ಚಹಾ ಮಾಡಿ ಹೆಂಡತಿಗೆ ತಂದುಕೊಟ್ಟ.

ಬೆಳಗ್ಗೆ ಮನೆ ಮುಂದೆ ಹಾರ್ನ್ ಕೇಳಿಸಿತು. ವಿಶಾಲಾಕ್ಷಿ ಕಾರಿನ ಕೀಲಿಯನ್ನು ಗಂಡನ ಕೈಗಿಟ್ಟು, ಸೆರಗು ಸಿಕ್ಕಿಸಿಕೊಂಡು, ಮಹಾಂತೇಶ ಮಾಸ್ತರ ಬೈಕಿನ ಹಿಂದೆ ಹತ್ತಿ ಕೂತಳು.

"ಇದರಾಗ ಗಾಳಿ ಚಲೋ ಬರ್ತೈತ್ರೀ," ಅಂದಳು.