ನಡುಮನೆಯ ಗೆರೆ

ಸುಣ್ಣದ ಗೆರೆ ಒಂದು ಗೋಡೆಯಿಂದ ಹೊರಟು, ನಡುಮನೆಯನ್ನು ಸರಿಯಾಗಿ ಎರಡು ಪಾಲು ಮಾಡಿ, ಎದುರಿನ ಗೋಡೆಗೆ ಹೋಗಿ ಮುಟ್ಟಿತು. ಭೂವಿಜ್ಞಾನಿ ಹುಡುಗಿ ಕೈಯ ಸುಣ್ಣ ಕೊಡವಿಕೊಂಡು ಎದ್ದು ನಿಂತಳು.

"ಯಜಮಾನ್ರೇ, ಮುಂಬಾಗಿಲ ಕಡೆ ಇರೋದು ಬಂಡೆ ಮೇಲಿದೆ, ಅಲ್ಲಿ ಇರಬಹುದು. ಹಿತ್ತಿಲ ಕಡೆ ಇರೋದು ಸಡಿಲ ಮಣ್ಣಿನ ಮೇಲಿದೆ. ಇವತ್ತಿಂದ ಅಲ್ಲಿ ಯಾರೂ ಮಲಗಬೇಡಿ. ಇನ್ನೊಂದು ಜೋರು ಮಳೆ ಬಿದ್ರೆ ಹಿತ್ತಿಲ ಜೊತೆ ಅದೂ ಹಳ್ಳಕ್ಕೆ ಜಾರುತ್ತೆ."

ಹೋದ ವಾರದ ಮಳೆಗೆ ಹಿತ್ತಿಲು ಉದ್ದಕ್ಕೂ ಬಿರುಕು ಬಿಟ್ಟಿತ್ತು. ಆ ಕಡೆಗೇ ಕೊಟ್ಟಿಗೆ, ಆ ಕಡೆಗೇ ಅಡುಗೆಮನೆ. ಗೆರೆಯಿಂದಾಚೆ, ಕಿಟಕಿಗೆ ಒತ್ತಿಕೊಂಡು, ಯಜಮಾನನ ಅಮ್ಮ ಸೊಂಟ ಮುರಿದು ಮಲಗಿದ್ದ ಮಂಚವೂ ಇತ್ತು.

ಮನೆಯ ಯಜಮಾನನನ್ನು ಊರಲ್ಲಿ ಎಲ್ಲರೂ ಕರೆಯುವುದು ರಾಜಿಯಣ್ಣ ಎಂದೇ. ಅಣ್ಣತಮ್ಮಂದಿರ ಬದುವಿನ ಜಗಳವಿರಲಿ, ನೀರಿನ ಸರದಿಯ ಜಗಳವಿರಲಿ, ಅವನು ಒಬ್ಬೊಬ್ಬರನ್ನೇ ಮರೆಗೆ ಕರೆದು, "ಅವನು ಇಳಿದಿದ್ದಾನೆ ಕಣಪ್ಪಾ, ನೀನೂ ಒಂಚೂರು ಇಳಿ" ಎನ್ನುತ್ತಿದ್ದ. ಕೊನೆಗೆ ಗಡಿಕಲ್ಲು ಇಬ್ಬರ ನಡುವೆ ನಿಲ್ಲುತ್ತಿತ್ತು. ನಿಜವಾಗಿ ಯಾರ ಮಾತು ಸರಿಯಿತ್ತು ಎಂಬುದು ಅವನಿಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತುಮಾಡಿಕೊಳ್ಳುವ ಅಗತ್ಯವೂ ಬಿದ್ದಿರಲಿಲ್ಲ.

ಬೆಳಿಗ್ಗೆ ಇದೇ ಅಂಗಳದಲ್ಲಿ ಈ ಹುಡುಗಿಯೂ ಅವಳ ಮೇಲಿನ ಸಾಹೇಬರೂ ಕಚ್ಚಾಡಿದ್ದನ್ನು ಅವನು ಕಿವಿಯಾರೆ ಕೇಳಿದ್ದ. ಕೊಟ್ಟಿಗೆ ಖಾಲಿ ಮಾಡಿದರೆ ಸಾಕು ಎಂದು ಅವರು. ಇಡೀ ಮನೆ ಖಾಲಿಯಾಗಬೇಕು ಎಂದು ಇವಳು. ಈಗ ಸಂಜೆಗೆ ಗೆರೆ ಮನೆಯ ನಟ್ಟನಡುವೆ ಬಂದು ಕೂತಿತ್ತು. ಇಂಥ ಗೆರೆಗಳನ್ನು ಅವನು ಎಷ್ಟು ಎಳೆಸಿಲ್ಲ!

ಸಾಹೇಬರು ಜೀಪಿಗೆ ಸಾಮಾನು ತುಂಬುತ್ತಿದ್ದರು. ಅವನು ಹುಡುಗಿಯನ್ನು ಮೆಲ್ಲಗೆ ಬಣವೆಯ ಮರೆಗೆ ಕರೆದ.

"ತಾಯೀ, ನಿಮ್ಮ ಸಾಹೇಬ್ರು ನನ್ನ ಹತ್ರ ಎಲ್ಲಾ ಹೇಳಿದ್ರು. ಪಾಪ, ಹುಡುಗಿ ನನ್ನ ಮಾತಿಗೆ ಇಳಿದ್ಲು ಅಂದ್ರು."

ಅವಳು ನಕ್ಕುಬಿಟ್ಟಳು. "ಅವರು ಮಧ್ಯಾಹ್ನದಿಂದ ಮಣ್ಣು ನೋಡೋಕೆ ತೋಡಿದ ಗುಂಡಿ ಒಳಗೇ ಇದ್ರಲ್ಲಾ, ನಿಮ್ಮ ಹತ್ರ ಯಾವಾಗ ಹೇಳಿದ್ರು? ಯಾರೂ ಇಳಿದಿಲ್ಲ ಯಜಮಾನ್ರೇ."

"ಮತ್ತೆ ನಡುವೆ ಕೂತು ಒಪ್ಪಿಸಿದೋರು ಯಾರು?"

"ಯಾರೂ ಇಲ್ಲ. ತೋಡಿ ನೋಡಿದ್ವಿ. ನಿಮ್ಮ ಜಗಲಿ ಹತ್ರ ಗಟ್ಟಿ ಬಂಡೆ ಸಿಕ್ತು, ನಂದು ತಪ್ಪು ಅಂತ ಗೊತ್ತಾಯ್ತು. ಅಡುಗೆಮನೆ ಗೋಡೆ ಬುಡದಲ್ಲಿ ನೀರು ಜಿನುಗ್ತಾ ಇತ್ತು, ಅವರದ್ದು ತಪ್ಪು ಅಂತ ಗೊತ್ತಾಯ್ತು. ಬಂಡೆ ಎಲ್ಲಿ ಮುಗಿಯುತ್ತೋ ಅಲ್ಲಿಗೆ ಗೆರೆ."

"ಅದು ಸರಿಯಾಗಿ ಅರ್ಧಕ್ಕೇ ಮುಗೀಬೇಕಾ?"

"ಅದಕ್ಕೆ ನಾನೇನು ಮಾಡ್ಲಿ?"

"ಅಂದ್ರೆ, ಬೆಳಿಗ್ಗೆ ಇಬ್ಬರೂ ತಪ್ಪು."

"ಹೂಂ."

"ಸಂಜೆಗೆ ಇಬ್ಬರೂ ಸರಿ."

"ಇವತ್ತು ಕಂಡಿದ್ದರ ಮಟ್ಟಿಗೆ. ನಾಳೆ ಜಗಲಿ ಹತ್ರ ಬಿರುಕು ಕಂಡ್ರೆ ಫೋನ್ ಮಾಡಿ. ಬಂದು ಗೆರೆ ಬದಲಾಯಿಸ್ತೀವಿ."

ರಾಜಿಯಣ್ಣನಿಗೆ ತಲೆ ಗಿರ್ರೆಂದಿತು. ಅವನು ನೆಡಿಸಿದ ಕಲ್ಲನ್ನು ಆಮೇಲೆ ಯಾರೂ ಅಲುಗಿಸಿದ್ದಿಲ್ಲ. ಬೆಳಿಗ್ಗೆ ಒಂದು, ಸಂಜೆ ಒಂದು ಹೇಳುವವರನ್ನು ಅವನು ಸಾಕ್ಷಿಗೂ ಕರೆಯುತ್ತಿರಲಿಲ್ಲ. ಇವಳು ನೋಡಿದರೆ, ತಾನು ತಪ್ಪಿದ್ದನ್ನು ಊಟವಾಯಿತು ಎಂದು ಹೇಳುವಷ್ಟು ಸಲೀಸಾಗಿ ಹೇಳುತ್ತಿದ್ದಳು. ಸುಳ್ಳು ಹೇಳುವವರು ಹೀಗೆ ಹೇಳುತ್ತಾರೆಯೇ? ನಿಜ ಗೊತ್ತಿದ್ದವರಾದರೂ ಹೀಗೆ ಹೇಳುತ್ತಾರೆಯೇ?

ಜೀಪು ಹೋಯಿತು. ಒಳಗೆ ಹೆಂಡತಿ ಆಗಲೇ ಪಾತ್ರೆಪಗಡವನ್ನೆಲ್ಲ ಜಗಲಿಗೆ ಸಾಗಿಸಿದ್ದಳು.

"ಅತ್ತೆ ಮಂಚ ಈ ಕಡೆ ತರ್ರೀ."

"ನೋಡೋಣ ಇರು."

"ನೋಡೋದೇನು? ಆಕಾಶ ನೋಡಿ, ಕಪ್ಪಗಾಗಿದೆ."

"ನಾನು ಈ ಕಿಟಕಿ ಬಿಟ್ಟು ಬರಲ್ಲ," ಎಂದಳು ಅಮ್ಮ ಮಂಚದಿಂದ. "ಇಲ್ಲಿ ಹಳ್ಳ ಕಾಣುತ್ತೆ, ದಾರೀಲಿ ಹೋಗೋರು ಕಾಣ್ತಾರೆ. ಅಲ್ಲಿ ನಿನ್ನ ಹೆಂಡತಿ ಪಾತ್ರೆ ನೋಡ್ತಾ ಬಿದ್ದಿರ್ಲಾ? ಅವರು ಜಗಳ ಆಡಿದ್ದು ನನಗೂ ಕೇಳಿಸಿದೆ ಕಣೋ. ಅವರಿಗೇ ಸರಿಯಾಗಿ ಗೊತ್ತಿಲ್ಲ."

"ಗೊತ್ತಿಲ್ಲದಿದ್ರೆ ಗೆರೆ ಯಾಕೆ ಎಳೀತಿದ್ರು ಅತ್ತೆ?" ಎಂದಳು ಹೆಂಡತಿ.

ಇಬ್ಬರೂ ಅವನ ಮುಖ ನೋಡಿದರು.

ಅವನು ಮಂಚದ ಬಳಿ ಹೋಗಿ ಬಗ್ಗಿದ. ಕೈಗಳು ತಮ್ಮ ಪಾಡಿಗೆ ತಾವು ಮಂಚದ ಚೌಕಟ್ಟು ಹಿಡಿದು ಎಳೆಯತೊಡಗಿದವು. ಅಮ್ಮನಿಗೆ ಕಿಟಕಿಯೂ ತಪ್ಪಬಾರದು, ಹೆಂಡತಿಯ ಮಾತೂ ಬಿದ್ದುಹೋಗಬಾರದು ಎನ್ನುವಂಥ ಜಾಗ ಬಂದಾಗ, ಎಷ್ಟೋ ವರ್ಷದ ಅಭ್ಯಾಸದಂತೆ, ಅವು ತಾವಾಗಿಯೇ ನಿಂತವು. ಹೊರಗೆ ಹೆಂಚಿನ ಮೇಲೆ ಮೊದಲ ಹನಿಗಳು ಟಪಟಪ ಬಿದ್ದವು.

ಅಮ್ಮ ಕತ್ತು ಹೊರಳಿಸಿ, ತನ್ನ ಸೊಂಟದ ನೇರಕ್ಕೆ ಮಂಚದಡಿ ಹಾದುಹೋಗಿದ್ದ ಬಿಳಿ ಗೆರೆಯನ್ನು ನೋಡಿದಳು. ಆಮೇಲೆ ಅವನನ್ನು ನೋಡಿದಳು.

"ನನ್ನಲ್ಲಿ ಯಾವ ಅರ್ಧ ಉಳಿಸ್ಕೋಬೇಕು ಅಂತ ತೀರ್ಮಾನ ಮಾಡಿದ್ದೀಯ, ಮಗಾ?"