ಅರ್ಧ ಎತ್ತಿದ ಷಟರ್

ಅತ್ತೆ ಬದುಕಿದ್ದಳು.

ಸೊಸೆ ಮಾರುಕಟ್ಟೆಯ ಕಲ್ಲಿನ ಕಮಾನಿನ ಕೆಳಗೇ ನಿಂತುಬಿಟ್ಟಳು. ಎದುರಿಗೆ, ಮೀನಂಗಡಿಗೂ ಬೆಣ್ಣೆ ಅಂಗಡಿಗೂ ನಡುವೆ, ಅಣಬೆ ಅಂಗಡಿಯ ಷಟರ್ ಅರ್ಧ ಮೇಲೆದ್ದಿತ್ತು. ಅದರಡಿಯಿಂದ ಮುದುಕಿ ಬಗ್ಗಿ ದಾರಿ ನೋಡುತ್ತಿದ್ದಳು. ಸೊಸೆ ಕಂಡದ್ದೇ ತಡ, “ಬಂದ್ಯಾ ತಾಯಿ!” ಎಂದು ಷಟರನ್ನು ದಡದಡನೆ ಪೂರ್ತಿ ಮೇಲಕ್ಕೆ ತಳ್ಳಿದಳು. ಆ ಸದ್ದು ಇಡೀ ಸಾಲಿಗೆ ಕೇಳಿಸಿತು.

ಸೊಸೆ ಮನೆಯಿಂದ ಒಂದು ಚೀರಾಟವನ್ನು ಗಂಟಲಲ್ಲಿ ಸಿದ್ಧಮಾಡಿಕೊಂಡು ಬಂದಿದ್ದಳು. ಮುಚ್ಚಿದ ಷಟರ್, ಅಂಗಡಿಯ ಅಟ್ಟದ ಮೇಲೆ ತಣ್ಣಗಾದ ಮುದುಕಿ, ಚೀರಾಟ ಕೇಳಿ ಓಡಿ ಬರುವ ಮೀನಿನವನು, ಎಲ್ಲವನ್ನೂ ಯೋಚಿಸಿಟ್ಟಿದ್ದಳು. ಈಗ ಅದನ್ನು ನುಂಗಬೇಕಾಯಿತು.

“ಹೊಟ್ಟೆ ಸರಿಯಿದ್ಯೇನಮ್ಮಾ?” ಅತ್ತೆ ಕೇಳಿದಳು. ದಿನಾ ಬೆಳಿಗ್ಗೆ ಅವಳ ಮೊದಲ ಮಾತು ಇದೇ.

“ಸರಿಯಿದೆ ಅತ್ತೆ. ನಿಮ್ಮದು?”

“ನನಗೇನಾಗಿದೆ? ಗುಂಡುಕಲ್ಲಿನ ಹಾಗಿದ್ದೀನಿ.”

ಸೊಸೆ ಹೇಳಿದ್ದು ಸುಳ್ಳು. ನಸುಕಿನಿಂದ ಅವಳ ಹೊಟ್ಟೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಗುತ್ತಿತ್ತು. ಆಗದೇ ಇರುತ್ತದೆಯೇ? ಕೊಲೆ ಮಾಡಿ ಅಭ್ಯಾಸವಿದ್ದ ಹೆಂಗಸಲ್ಲ ಅವಳು.

ಅಷ್ಟರಲ್ಲಿ ಹಳೆಯ ಮಾರುಕಟ್ಟೆ ನೋಡಲು ಬಂದ ಪ್ರವಾಸಿಗಳ ಗುಂಪು ಅಂಗಡಿಗೆ ಮುತ್ತಿತು.

“ತಲೆ ಮೇಲಿರೋ ಕಬ್ಬಿಣದ ಚಾವಣಿಗಿಂತ ಹಳೇದು ಈ ಅಂಗಡಿ,” ಎಂದ ಗೈಡು. “ಎಲ್ಲಾ ಕಾಡಣಬೆ. ಮಾರೋ ಮುಂಚೆ, ಹಿಂದಿನ ಸಂಜೆ ಬುಟ್ಟಿಗೊಂದು ತೆಗೆದು ಬೇಯಿಸಿ ಮನೆಯವರೇ ತಿನ್ನಬೇಕು. ಬೆಳಿಗ್ಗೆ ಷಟರ್ ಎದ್ದರೆ, ತಿಂದವರೂ ಎದ್ದಿದ್ದಾರೆ ಅಂತ ಲೆಕ್ಕ. ಆಮೇಲೇ ವ್ಯಾಪಾರ.”

“ಅಜ್ಜೀ, ಇನ್ನೂ ಇದ್ದೀರಾ? ಹಾಗಾದ್ರೆ ನನಗೂ ಕಾಲು ಕೆಜಿ ಕಟ್ಟಿ,” ಮೀನಿನವನು ದಿನನಿತ್ಯದ ಜೋಕು ಎಸೆದ. ಎಲ್ಲರೂ ನಕ್ಕರು.

“ನಿಮಗೆ ಭಯ ಆಗಲ್ವಾ ಅಜ್ಜಿ?” ಪ್ರವಾಸಿ ಹೆಂಗಸೊಬ್ಬಳು ಕೇಳಿದಳು.

“ಭಯಪಟ್ರೆ ಅಂಗಡಿ ನಡೀತದಾ? ಯಾರಾದ್ರೂ ತಿನ್ನಲೇಬೇಕಲ್ಲ ತಾಯಿ.”

ಸೊಸೆ ತಲೆತಗ್ಗಿಸಿ ಅಣಬೆಯ ಮಣ್ಣು ಒರೆಸತೊಡಗಿದಳು. ಗಂಡ ತೀರಿಕೊಂಡ ಮೇಲೆ ಅವಳ ಬದುಕು ಇಷ್ಟೇ. ಉಗುರಿನ ಸಂದಿಯ ಕಪ್ಪು ಎಷ್ಟು ತೊಳೆದರೂ ಹೋಗದು. ಒಂದು ದಿನ ಅಂಗಡಿ ತನ್ನದಾಗುತ್ತದೆ ಎಂಬ ಆಸೆಯಲ್ಲೇ ದುಡಿದಿದ್ದಳು. ಮೊನ್ನೆ ಅತ್ತೆ ತಣ್ಣಗೆ ಹೇಳಿದ್ದಳು: “ಮುಂದಿನ ವಾರ ಮಗಳು ಬರ್ತಾಳೆ. ಅಂಗಡಿ ಅವಳಿಗೆ. ನೀನು ಅವಳ ಕೈಕೆಳಗೆ ಇದ್ಕೋ.” ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರಿದಂತೆ! ಅವತ್ತೇ ಸೊಸೆಯ ಮನಸ್ಸು ಕಲ್ಲಾಯಿತು.

ನಿನ್ನೆ ಸಂಜೆ ಅತ್ತೆ ಬುಟ್ಟಿಗೊಂದು ಅಣಬೆ ಆರಿಸಿ, ಹೆಚ್ಚಿ, ತಟ್ಟೆಯಲ್ಲಿಟ್ಟು ನೀರಿಗೆ ಹೋದಳು. ಸೊಸೆ ಚೀಲದಿಂದ ಬಿಳಿ ಕೊಡೆಯ ಅಣಬೆಯೊಂದನ್ನು ತೆಗೆದು, ಹೆಚ್ಚಿ, ಅದೇ ತಟ್ಟೆಗೆ ಬೆರೆಸಿದಳು. ಬುಟ್ಟಿಗಳನ್ನು ಮುಟ್ಟಲಿಲ್ಲ. ಗಿರಾಕಿಗಳ ಮೇಲೆ ಅವಳಿಗೇನು ಹಗೆ? ಆಮೇಲೆ ಹಿತ್ತಲ ನಲ್ಲಿಯಲ್ಲಿ ಖಾಲಿ ಬುಟ್ಟಿ ತೊಳೆಯುತ್ತಾ, ಒಲೆ ಹೊತ್ತಿದ್ದನ್ನೂ ಬಾಣಲೆ ಚುಂಯ್ ಎಂದದ್ದನ್ನೂ ಕೇಳಿಸಿಕೊಂಡಳು. ಹೊರಡುವಾಗ ಅತ್ತೆ ಎಂದಿನಂತೆ ರಾತ್ರಿ ಊಟದ ಡಬ್ಬಿ ಕೈಗಿಟ್ಟಳು. “ಕೈಮಾ ಮಾಡಿದ್ದೀನಿ, ಆರೋ ಮುಂಚೆ ತಿನ್ನು.” ಮನೆಯಲ್ಲಿ ಡಬ್ಬಿ ಬಿಚ್ಚಿದಾಗ ಸೊಸೆಗೆ ಅಳು ಬಂದಿತ್ತು. ಅಳುತ್ತಲೇ ಅಷ್ಟನ್ನೂ ತಿಂದಿದ್ದಳು.

ಆ ವಿಷ ನಿಧಾನದ್ದು ಎಂದು ಹಿಂದೆ ಕಲಿಸಿದವಳೂ ಅತ್ತೆಯೇ. ರಾತ್ರಿ ಸುಮ್ಮನಿದ್ದು ನಸುಕಿಗೆ ಹಿಡಿಯುತ್ತದೆ, ಹಿಡಿದರೆ ಬಿಡುವುದಿಲ್ಲ. ಮುದುಕಿಯದು ಗಟ್ಟಿ ಜೀವ, ಇನ್ನೂ ಸ್ವಲ್ಪ ಹೊತ್ತು ಬೇಕೇನೋ ಎಂದು ಸೊಸೆ ಕಾದಳು. ಹಣೆಯಲ್ಲಿ ಬೆವರು ಬಂತೇ, ಕೈ ನಡುಗಿತೇ ಎಂದು ಕದ್ದು ಕದ್ದು ನೋಡಿದಳು. ಮುದುಕಿ ತೂಗುತ್ತಿದ್ದಳು, ಕಟ್ಟುತ್ತಿದ್ದಳು, ನಗುತ್ತಿದ್ದಳು.

“ಏನಮ್ಮಾ, ನಿನ್ನ ಮುಖ ನನ್ನ ಮಂಜುಗಡ್ಡೆ ಮೇಲಿನ ಮೀನಿನ ಹಾಗಾಗಿದೆ?” ಎಂದ ಮೀನಿನವನು. “ರಾತ್ರಿ ನಿದ್ದೆ ಇಲ್ವಾ?”

ಸೊಸೆ ಕಿಬ್ಬೊಟ್ಟೆಯನ್ನು ಯಾರೋ ಹಿಂಡಿದಂತಾಗಿ ಕಂಬಕ್ಕೆ ಒರಗಿದಳು.

ಪ್ರವಾಸಿಗಳು ಪೊಟ್ಟಣ ಹಿಡಿದು ಮುಂದಿನ ಅಂಗಡಿಗೆ ಹೋದರು. ಸೊಸೆಗೆ ತಡೆಯಲಾಗಲಿಲ್ಲ.

“ಅತ್ತೆ, ನಿನ್ನೆ ತಟ್ಟೆಯಲ್ಲಿದ್ದ ಅಣಬೆ... ತಿಂದ್ರಾ?”

ಅತ್ತೆ ಅತ್ತಿತ್ತ ನೋಡಿ ದನಿ ತಗ್ಗಿಸಿದಳು. “ಯಾರ ಮುಂದೂ ಬಾಯಿ ಬಿಡ್ಬೇಡ. ನಾನು ಅದನ್ನು ಬಿಟ್ಟು ವರ್ಷ ಆಯ್ತು. ಮಗಳಿಗೆ ಅಂಗಡಿ ಒಪ್ಪಿಸೋ ತನಕ ನಾನು ಗಟ್ಟಿಯಾಗಿರ್ಬೇಕಲ್ವಾ?”

“ಮತ್ತೆ... ತಿಂದಿದ್ದು ಯಾರು?”

ಅತ್ತೆ ಹತ್ತಿರ ಬಂದು ಸೊಸೆಯ ಹಣೆಯ ಬೆವರನ್ನು ಮೆತ್ತಗೆ ಒರೆಸಿದಳು. “ಡಬ್ಬಿ ಕೊಟ್ಟು ಕಳಿಸಿದ ಮೇಲೆ ರಾತ್ರಿಯೆಲ್ಲ ನಂಗೆ ನಿದ್ದೆ ಇರಲ್ಲ ಕಣೇ. ಬೆಳಿಗ್ಗೆ ನೀನು ನಡ್ಕೊಂಡು ಬರೋದು ಕಂಡ ಮೇಲೇ ಷಟರ್ ಪೂರ್ತಿ ಎತ್ತೋದು.”