ತುಂಡಾಗದ ಗೆರೆ

"ರೆಕ್ಕೆ ಇನ್ನೂ ಮೇಲಕ್ಕೆ ಎಳಿಯಮ್ಮ" ಎಂದು ಸಂಗ್ರಹಾಲಯದ ಮುಖ್ಯಸ್ಥರು ಪತಂಗ ಚುಚ್ಚಿಟ್ಟ ಹಲಗೆಯತ್ತ ಬೆರಳು ತೋರಿಸಿದರು. ಪತಂಗಗಳನ್ನು ಚುಚ್ಚಿ ಒಣಗಿಸುವ ಕೆಲಸದವಳು ಸೂಜಿ ಹಿಡಿದ ಕೈಯನ್ನು ಕದಲಿಸಲಿಲ್ಲ. ಉಷ್ಣವಲಯದ ಆ ಕಂದು ಪತಂಗವನ್ನು, ಜೀವವಿದ್ದಾಗ ಅದು ಕೂರುವ ಭಂಗಿಯಲ್ಲೇ ಅವಳು ನಿಲ್ಲಿಸಿದ್ದಳು. ಮುಂದಿನ ರೆಕ್ಕೆಯಲ್ಲಿ ಹೊರಟ ಕಪ್ಪು ಗೆರೆ ಹಿಂದಿನ ರೆಕ್ಕೆಯವರೆಗೂ ಹರಿದು, ತರಗೆಲೆಯ ನರದ ಹಾಗೆ ನೆಟ್ಟಗಿತ್ತು.

"ನಾನು ಬರೆದ ಪುಸ್ತಕದಲ್ಲಿ ಇದು ತುಂಡುಗೆರೆ ಪತಂಗ," ಎಂದರು ಮುಖ್ಯಸ್ಥರು. " ಇಪ್ಪತ್ತು ವರ್ಷದಿಂದ ಎಲ್ಲರೂ ಹಾಗೇ ಕರೀತಾರೆ."

"ಆ ಗೆರೆ ತುಂಡು ಮಾಡಿದ್ದು ನಾವೇ ಸರ್, ರೆಕ್ಕೆ ಎಳೆದೆಳೆದು. ಇಷ್ಟು ದಿನ ಸತ್ತವೇ ಬರ್ತಿದ್ವು. ಈ ಸಲ ಜೀವ ಇದ್ದ ಒಂದು ಗೂಡು ಬಂದು, ನನ್ನ ಮೇಜಿನ ಮೇಲೇ ಒಡೀತು. ಪತಂಗ ಹೊರಗೆ ಬಂದು ಕೂತಾಗ ಗೆರೆ ಹೀಗೇ ಕೂಡಿತ್ತು."

"ಓಹೋ, ಸೂಜಿ ಹಿಡಿಯೋರು ವಿಜ್ಞಾನಿ ಆಗ್ಬಿಟ್ರು." ಅವರು ನಕ್ಕು ಕೈ ಚಾಚಿದರು. "ಕೊಡಿಲ್ಲಿ, ನಾನೇ ಎಳೀತೀನಿ. ನಾಳೆಯಿಂದ ಈ ಕೆಲಸಕ್ಕೆ ಬೇರೆಯವರನ್ನ ನೋಡ್ಕೊಂಡ್ರಾಯ್ತು."

ಅವಳು ಹಲಗೆಯನ್ನು ಎತ್ತಿದಳು, ಆದರೆ ಅವರ ಕೈಗೆ ಕೊಡಲಿಲ್ಲ. ಒಣಗಿಸುವ ಬೀರುವಿನೊಳಗೆ ಮೆಲ್ಲಗೆ ಇಟ್ಟು, ಬೀಗ ತಿರುಗಿಸಿ, ಕೀಲಿಯನ್ನು ಮೇಲಂಗಿಯ ಜೇಬಿಗೆ ಹಾಕಿಕೊಂಡಳು.

"ರೆಕ್ಕೆ ಹಸಿಯಾಗಿರೋವರೆಗೆ ಮಾತ್ರ ಹೇಳಿದ ಹಾಗೆ ಕೇಳುತ್ತೆ ಸರ್. ನಾಲ್ಕು ದಿನ ಕಳೀಲಿ, ಕೀಲಿ ಕೊಡ್ತೀನಿ. ಆಮೇಲೆ ಯಾರು ಎಳೆದ್ರೂ ಮುರಿಯುತ್ತೆ, ಜರುಗಲ್ಲ."

ಹಾಗೆಂದು ಸ್ಟೂಲನ್ನು ಎಳೆದುಕೊಂಡು, ಬೀರುವಿನ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು.